ಬುದ್ಧಿವಾದ ಅಚ್ಚಾದ ಮೇಲೆ

ಬುದ್ಧಿ ಹೇಳುವುದಕ್ಕೂ ಬುದ್ಧಿ ಇರುವುದಕ್ಕೂ ಯಾವ ಸಂಬಂಧವೂ ಇಲ್ಲ. ಈಜು ಬಾರದವನು ದಂಡೆಯ ಮೇಲೆ ನಿಂತು 'ಕೈ ಬೀಸು, ಕಾಲು ಬಡಿ' ಎಂದು ಕೂಗುವಷ್ಟು ಜೋರಾಗಿ ಈಜು ಬಲ್ಲವನು ಕೂಗುವುದಿಲ್ಲ. ನಾನು ದಂಡೆಯ ಮೇಲಿನ ಜಾತಿ. ಪಂಚೆ ಕೊಳ್ಳಲು ಹೋಗಿ, ಕೆಂಪಂಚೋ ಹಸಿರಂಚೋ ಎಂದು ತೀರ್ಮಾನವಾಗದೆ ಟವೆಲು ತೆಗೆದುಕೊಂಡು ಬಂದಿದ್ದೇನೆ. ಮುತ್ತತ್ತಿಗೆ ಹೋದಾಗ ಹೊಳೆಗೆ ಇಳಿಯುವುದೋ ಬೇಡವೋ ಎಂದು ಯೋಚಿಸುತ್ತ ಕೂತು, ಉಳಿದವರೆಲ್ಲ ಮಿಂದು, ಉಂಡು, ಗಾಡಿ ಹೂಡುವ ಹೊತ್ತಿಗೆ ಒಂದೇ ಒಂದು ಕಾಲು ನೆನೆಸಿಕೊಂಡವನು ನಾನು. ಇಂಥವನು, ಬದುಕಿನ ಕಷ್ಟದ ತೀರ್ಮಾನಗಳನ್ನು ಹೇಗೆ ಮಾಡಬೇಕೆಂದು ಹದಿನಾರು ಹದಿನೇಳರ ಮಕ್ಕಳಿಗಾಗಿ ಪುಸ್ತಕ ಬರೆದನೆಂದರೆ ನಿಮಗೆ ನಗು ಬರಬಹುದು. ನಮ್ಮ ಮನೆಯವಳು ತಾಯಮ್ಮ ನಗಲಿಲ್ಲ. "ಯಾರು ಓದ್ತಾರೆ ಬುಡಿ" ಎಂದು ಅವಳೇ ಸಮಾಧಾನ ಮಾಡಿಕೊಂಡಳು.

ಅದು ಯುದ್ಧದ ಕಾಲ. ನಾನು ಮಂಡ್ಯದಲ್ಲಿ ಹೈಸ್ಕೂಲು ಮೇಷ್ಟ್ರು. ಸಂಜೆ ಹೊತ್ತು ರಹೀಂ ಸಾಹೇಬರ ಅಚ್ಚುಕೂಟದಲ್ಲಿ ಕೂತು ಹರಟುವುದು ನನ್ನ ಅಭ್ಯಾಸ. ಸಾಹೇಬರು ಮದುವೆ ಕರೆಯೋಲೆ, ನಾಟಕದ ಕರಪತ್ರಗಳನ್ನು ಅಚ್ಚು ಹಾಕುತ್ತಿದ್ದವರು. ಕಾಗದ ಸಿಗುವುದೇ ದುಸ್ತರವಾಗಿದ್ದ ಆ ದಿನಗಳಲ್ಲಿ ಅವರಿಗೆ ಎಲ್ಲಿಂದಲೋ ಒಂದಿಷ್ಟು ಕಂದು ಕಾಗದ ಸಿಕ್ಕಿತು. "ಮೇಷ್ಟ್ರೇ, ಇದರ ಮೇಲೆ ಮದುವೆ ಕಾಗದ ಹೊಡೆದ್ರೆ ಹೆಣ್ಣಿನ ಕಡೆಯೋರು ನನ್ನ ಹೊಡೀತಾರೆ. ಹುಡುಗರಿಗೆ ಬುದ್ಧಿ ಹೇಳೋ ಪುಸ್ತಕ ಏನಾದರೂ ಬರೀರಿ. ಬುದ್ಧಿವಾದಕ್ಕೆ ಕಾಗದ ಯಾವುದಾದರೇನು?" ಎಂದರು. ಹೀಗೆ ಹುಟ್ಟಿದ್ದು 'ತರುಣರಿಗೆ ತೋರುಬೆರಳು'. ಓದು ಮುಂದುವರಿಸಬೇಕೋ ಬೇಸಾಯಕ್ಕೆ ನಿಲ್ಲಬೇಕೋ, ಹಿರಿಯರ ಮಾತಿಗೂ ಮನಸ್ಸಿನ ಮಾತಿಗೂ ಜಗಳ ಬಂದಾಗ ಏನು ಮಾಡಬೇಕು, ಇಂಥವಕ್ಕೆಲ್ಲ ಅದರಲ್ಲಿ ಉತ್ತರವಿತ್ತು. 'ನಿನ್ನ ಬದುಕನ್ನು ಬದುಕಬೇಕಾದವನು ನೀನು. ವಿನಯದಿಂದ ಕೇಳು, ಧೈರ್ಯದಿಂದ ಹೇಳು' ಎಂದು ಬರೆದ ದಿನ ನನ್ನ ಕಣ್ಣೇ ಒದ್ದೆಯಾಗಿತ್ತು. ತೀರ್ಮಾನವಾಗದಿದ್ದರೆ ಒಬ್ಬನೇ ದೂರ ನಡೆದು ಹೋಗಿ ಯೋಚಿಸು ಎಂದೂ ಬರೆದಿದ್ದೆ. ಯಾರೂ ಓದುವುದಿಲ್ಲ ಎಂಬ ಭರವಸೆ ಇದ್ದಾಗ ಮನುಷ್ಯ ಎಷ್ಟು ಚೆನ್ನಾಗಿ ಬರೆಯುತ್ತಾನೆ!

ಓದಿದವಳು ನಮ್ಮ ಮನೆಯಲ್ಲೇ ಇದ್ದಳು. ಜಯಮ್ಮ ನನ್ನ ಹೆಂಡತಿಯ ಅಣ್ಣ ಸಿದ್ದೇಗೌಡರ ಮಗಳು. ಊರು ಮಳವಳ್ಳಿಯ ಹತ್ತಿರದ ಬಂಡೂರು. ಹೈಸ್ಕೂಲು ಓದಲು ನಮ್ಮ ಮನೆಗೆ ಬಂದಿದ್ದವಳು ಆ ವರ್ಷ ಪರೀಕ್ಷೆ ಪಾಸು ಮಾಡಿದ್ದಳು. ಪಾಸಾದ ಸುದ್ದಿ ಬಂಡೂರು ಮುಟ್ಟುವ ಮೊದಲೇ ಸಿದ್ದೇಗೌಡರು ಮದ್ದೂರಿನಲ್ಲಿ ಗಂಡು ನೋಡಿ ಮಾತು ಕೊಟ್ಟಿದ್ದರು. ಗದ್ದೆ, ತೆಂಗು, ಓಡಾಡಲು ಒಂದು ಸೈಕಲ್ಲು, ಏನೂ ಕಡಿಮೆ ಇಲ್ಲದ ಮನೆ. ಹುಡುಗನೂ ಒಳ್ಳೆಯವನೇ. ಶುಕ್ರವಾರ ವೀಳ್ಯಶಾಸ್ತ್ರ. ಅದಕ್ಕೆ ಮಗಳನ್ನು ಕರೆದೊಯ್ಯಲು ಅಪ್ಪ ಬಂದರೆ, ಮಗಳು ನನ್ನ ಪುಸ್ತಕ ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿಕೊಂಡು, "ಅಪ್ಪಯ್ಯ, ನಾನು ಮೈಸೂರಿಗೆ ಹೋಗಿ ಇಂಟರ್ ಓದ್ತೀನಿ. ಆಮೇಲೆ ಮಳವಳ್ಳಿ ಹೆಣ್ಣುಮಕ್ಕಳ ಸ್ಕೂಲಲ್ಲಿ ಪಾಠ ಹೇಳ್ತೀನಿ. ಈಗ ಮದುವೆ ಬೇಡ" ಎಂದು ವಿನಯದಿಂದಲೇ, ಧೈರ್ಯದಿಂದಲೇ ಹೇಳಿಬಿಟ್ಟಳು. ಅಷ್ಟಕ್ಕೇ ನಿಲ್ಲಿಸದೆ ಆ ಪುಟವನ್ನು ತೆರೆದು ಗಟ್ಟಿಯಾಗಿ ಓದಿಯೂ ತೋರಿಸಿದಳು.

ನಾನು ಶಾಲೆ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಸಿದ್ದೇಗೌಡರು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು. ಆ ಇದ್ದಿಲಿನ ಮಸಿ ಅವರ ಮುಖದ ಮೇಲೆ ಇನ್ನೂ ಹಾಗೇ ಇತ್ತು. ಸಹಜವಾಗಿಯೇ ಗಂಭೀರವಾದ ಮುಖ. ಮಸಿಯೂ ಸೇರಿ ಕಾಲಭೈರವನ ಹಾಗೆ ಕಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಅವರಿಗೆ ಓದು ಬಾರದು, ಆದರೆ ಅಚ್ಚಾದ ಅಕ್ಷರ ಎಂದರೆ ದೇವರ ಹೂವಿನಷ್ಟು ಭಕ್ತಿ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು:

"ಮೇಷ್ಟ್ರೇ, ಒಂದೇ ಮಾತು ಯೋಳಿ. ಇದ್ರಲ್ಲಿ ನೀವು ಬರ್ದಿರಾದು ದಿಟವೋ, ಇಲ್ಲ ಸುಮ್ಕೆ ಬರ್ಯಕ್ಕೆ ಅಂತ ಬರ್ದಿರಾದೋ?"

ಇಂಥ ಪ್ರಶ್ನೆಯನ್ನು ಯಾವ ಲೇಖಕನಿಗೂ ಯಾರೂ ಕೇಳಬಾರದು. ದಿಟ ಎಂದರೆ ಮದ್ದೂರಿನವರಿಗೆ ಕೊಟ್ಟ ಮಾತು ಮುರಿದು, ಹತ್ತೂರಿನಲ್ಲಿ ಗೌಡರ ಮರ್ಯಾದೆ ಹೋಗುತ್ತದೆ, ನನಗೆ ಹೆಂಡತಿಯ ತವರಿನ ಬಾಗಿಲು ಮುಚ್ಚುತ್ತದೆ. ಸುಮ್ಮನೆ ಬರೆದದ್ದು ಎಂದರೆ ಆ ಹುಡುಗಿ ಅಪ್ಪನ ಹಿಂದೆ ಬಸ್ಸು ಹತ್ತುತ್ತಾಳೆ. ನಾನು ಕೆಮ್ಮಿದೆ. "ಬೆಳಿಗ್ಗೆಯಿಂದ ಏನು ಉಂಡ್ರಿ ಭಾವ?" ಎಂದೆ. "ಅದು ಆಮೇಲೆ" ಎಂದರು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅಡಿಗೆಮನೆಯ ಬಾಗಿಲಲ್ಲಿ ಜಯಮ್ಮ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಮಾವ, ನೀವು ನನ್ನ ಪರ ಏನೂ ಹೇಳದಿದ್ರೂ ಆಯ್ತು. ಸುಳ್ಳು ಬರೆದಿದ್ದೀನಿ ಅಂತ ಮಾತ್ರ ಹೇಳಬೇಡಿ" ಎಂದಳು.

ನಾನು ಏನು ಮಾಡಿದೆ? ನನ್ನ ಪುಸ್ತಕದಲ್ಲಿ ಹೇಳಿದಂತೆಯೇ ಮಾಡಿದೆ. ಒಬ್ಬನೇ ದೂರ ಹೋದೆ. ಸ್ವಲ್ಪ ಹೆಚ್ಚೇ ದೂರ ಹೋದೆ. ಹಿತ್ತಲ ಬಾಗಿಲಿಂದ ಹೊರಟ ಕಾಲು ಸ್ಟೇಷನ್ನಿನಲ್ಲಿ ನಿಂತಿತು, ಮೈಸೂರಿನ ಕಡೆಯ ಪ್ಯಾಸೆಂಜರು ನಿಂತಿತ್ತು, ಹತ್ತಿದೆ. ಗಾಡಿ ಹೊರಟ ಮೇಲೆ ಮೈಸೂರಿಗೇ ಹೋಗಿಬಿಡಲೇ ಎನ್ನಿಸಿತು. ಆದರೆ ಹೆಂಡತಿಯ ಮುಖ ನೆನಪಾಗಿ ಯಲಿಯೂರಿನಲ್ಲೇ ಇಳಿದೆ. ಪ್ಲಾಟ್‌ಫಾರಮ್ಮಿನಲ್ಲಿ ನಾನೂ ಒಂದು ನಾಯಿಯೂ ಮಾತ್ರ. ನಾಯಿ ನನ್ನನ್ನು ನೋಡಿ, ಇವನಿಂದ ಏನೂ ಆಗುವುದಿಲ್ಲ ಎಂದು ಖಚಿತ ಮಾಡಿಕೊಂಡು ಹೊರಟುಹೋಯಿತು.

ವಾಪಸು ಬರಲು ಗಾಡಿ ಇರಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಮಂಡ್ಯದ ಕಡೆ ನಡೆದೆ. ಬಿಸಿಲು ಇಳಿಯುತ್ತಿತ್ತು, ಒಂದು ಚಪ್ಪಲಿಯ ಉಂಗುಟ ಕಿತ್ತಿತ್ತು. ನಡೆಯುತ್ತ ನಡೆಯುತ್ತ ಜಯಮ್ಮನ ಕೆಂಪು ಮೂಗು ಬಿಟ್ಟರೆ ಬೇರೆ ಏನೂ ಕಣ್ಣಿಗೆ ಕಟ್ಟದಂತಾಯಿತು. ಆ ಮಗು ನನ್ನ ಪುಸ್ತಕವನ್ನು ನನಗಿಂತ ಹೆಚ್ಚು ನಂಬಿದ್ದಳು. ಗೌಡರು ಬಾಗಿಲು ಮುಚ್ಚಿದರೆ ಮುಚ್ಚಲಿ, ದಿಟ ಎಂದೇ ಹೇಳುತ್ತೇನೆ, ಎಂದುಕೊಂಡೆ. ಹುಟ್ಟಿದ ಮೇಲೆ ನಾನು ಮಾಡಿದ ಮೊದಲ ಗಟ್ಟಿ ತೀರ್ಮಾನ ಅದು. ದಾರಿಯುದ್ದಕ್ಕೂ ಕಬ್ಬಿಗೆ ಕೇಳುವಂತೆ ಭಾಷಣ ಅಭ್ಯಾಸ ಮಾಡಿದೆ. 'ಸಿದ್ದೇಗೌಡರೇ, ಕಾಲ ಬದಲಾಗುತ್ತಿದೆ' ಎಂಬುದು ಅದರ ಆರಂಭ.

ದೀಪ ಹಚ್ಚುವ ಹೊತ್ತಿಗೆ ಮನೆಯ ಜಗುಲಿ ಹತ್ತಿದೆ. ಒಳಗೆ ನನ್ನ ಹೆಂಡತಿಯ ದನಿ ಕೇಳಿಸಿ, ಕಿತ್ತ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತೆ.

"ಅಣ್ಣಯ್ಯ, ಒಂದು ಟಗರು ಕೊಳ್ಳಕ್ಕೆ ನೀನು ಬೆನ್ನು ಮುಟ್ಟಿ, ಹಲ್ಲು ನೋಡಿ, ನಾಕು ಸಂತೆ ತಿರುಗ್ತೀಯ. ಮಗಳ ಬಾಳುವೆಗೆ ಅವಳನ್ನ ಒಂದು ಮಾತು ಕೇಳಿದ್ಯಾ?"

"ಎಣ್ಣುಮಕ್ಕಳನ್ನ ಕೇಳೋ ಪದ್ಧತಿ ನಮ್ಮ ಮನ್ತನದಲ್ಲಿ ಎಲ್ಲದೆ ಕಣವ್ವ?" ಎಂದರು ಗೌಡರು.

"ಇಲ್ಲ. ಅದ್ಕೇ ನನ್ನೂ ಕೇಳ್ನಿಲ್ಲ. ಕೇಳಿದ್ರೆ ನಾನು ಇವರನ್ನ ಒಪ್ತಿದ್ನಾ?"

ನಾನು ಜಗುಲಿಯಲ್ಲಿ ಕಿವಿ ನಿಮಿರಿಸಿದೆ. ಅಣ್ಣನಾದವನು ಇಂಥ ಹೊತ್ತಿನಲ್ಲಿ 'ಥೂ, ಅಂಗನ್ಬೇಡ, ಮೇಷ್ಟ್ರು ದೇವರಂಥೋರು' ಎನ್ನಬೇಡವೇ? ಸಿದ್ದೇಗೌಡರು ಬಹಳ ಹೊತ್ತು ಯೋಚಿಸಿದರು. ನನ್ನನ್ನೇ ಯೋಚಿಸುತ್ತಿದ್ದಾರೆ ಎಂದು ಗೋಡೆಯ ಆಚೆಯಿಂದಲೂ ತಿಳಿಯುತ್ತಿತ್ತು.

"ಮಾತು ಕೇಳಿದ್ರೆ ಎದ್ದು ಓಡೋಯ್ತರೆ" ಎಂದು ನನ್ನವಳು ಮುಂದುವರಿಸಿದಳು. "ಒಳ್ಳೇರೇ, ನಾನು ಇಲ್ಲ ಅನ್ನಕಿಲ್ಲ. ಒಂದೊಂದ್ಸಲ ಪ್ರೀತೀನೂ ಬತ್ತದೆ. ಆದ್ರೂ ಒಂದು ಮಾತು ಕೇಳ್ಬೌದಾಗಿತ್ತು."

ಗೌಡರು ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. "ಆಯ್ತು ಬುಡವ್ವ ಜಯಮ್ಮ, ಅಳ್ಬೇಡ ಕಣ್ ಮಗ, ಓದುವಂತೆ. ನಾಳೆ ಮದ್ದೂರ್ನಲ್ಲಿ ಇಳ್ದು ಅವರ್ಗೆ ನಾನೇ ಕೈ ಮುಗ್ದು ಯೋಳ್ತೀನಿ. ತಾಯಮ್ಮ, ನಿಂಗೆ ಮಾಡಿದ್ದ ನನ್ನ ಮಗಳಿಗೆ ಮಾಡಕಿಲ್ಲ."

ನಾನು ಕೆಮ್ಮಿ ಒಳಗೆ ಹೋದೆ. 'ಸಿದ್ದೇಗೌಡರೇ, ಕಾಲ ಬದಲಾಗುತ್ತಿದೆ' ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವರು ನನ್ನನ್ನೂ ನನ್ನ ಕೈಯ ಚಪ್ಪಲಿಯನ್ನೂ ನೋಡಿ, "ಬನ್ನಿ ಮೇಷ್ಟ್ರೇ, ಕೈಕಾಲು ತೊಳ್ಕಳಿ, ಉಣ್ಣವ" ಎಂದರು. ಆ ದನಿಯಲ್ಲಿ ಕೋಪದ ಸುಳಿವಿರಲಿಲ್ಲ. ಮರುಕವಿತ್ತು. ಅಂದು ತಿಂದ ಮುದ್ದೆಯಷ್ಟು ಹಗುರವಾದ ಮುದ್ದೆಯನ್ನು ನಾನು ಇನ್ನೆಂದೂ ತಿಂದಿಲ್ಲ.

ಮದ್ದೂರಿನವರು ಸ್ವಲ್ಪ ಮುಖ ಊದಿಸಿಕೊಂಡರಂತೆ. ಆಮೇಲೆ ಕಾಫಿ ಕೊಟ್ಟು, "ಋಣ ಇರ್ನಿಲ್ಲ ಬುಡಿ ಗೌಡ್ರೇ" ಎಂದರಂತೆ. ಜಯಮ್ಮ ಮೈಸೂರಿಗೆ ಹೋದಳು, ಓದಿದಳು, ಈಗ ಮಳವಳ್ಳಿಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಾಳೆ. 'ನಿಮ್ಮ ಪುಸ್ತಕದಿಂದ ಯಾರಿಗಾದರೂ ಉಪಕಾರವಾಯಿತೇ?' ಎಂದು ಯಾರಾದರೂ ಕೇಳಿದರೆ ಎದೆಯುಬ್ಬಿಸಿ ಅವಳ ಹೆಸರು ಹೇಳುತ್ತೇನೆ. ಒಂದು ಹೆಣ್ಣುಮಗುವಿನ ಬಾಳು ನನ್ನಿಂದಲೇ ನೇರವಾಯಿತು ಎಂಬುದು ಅಪ್ಪಟ ನಿಜ. ಹೇಗೆ ಎಂದು ಮಾತ್ರ ಅವರು ನನ್ನ ಹೆಂಡತಿಯನ್ನು ಕೇಳದಿದ್ದರೆ ಸಾಕು.