ನೆರಳಿಗೊಂದು ಚಾನೆಲ್ಲು

ಯಾರೂ ಓಡದ ಓಟದಲ್ಲಿ ಮೊದಲ ಬಹುಮಾನ ಹೊಡೆಯುವುದು ಹೇಗೆ ಎಂಬ ವಿದ್ಯೆಗೆ ಈ ಭೂಮಂಡಲದಲ್ಲಿ ಒಬ್ಬರೇ ಗುರುಗಳು. ಅವರು ನಮ್ಮ ಸೋದರಮಾವ!

ಆ ಸಂಜೆ ಹೊಸಪೇಟೆಯಲ್ಲಿ ಅವರ ಮನೆಯ ಕಟ್ಟೆಯ ಹತ್ತಿರ ನಾವು ಮೂರೇ ಜನ ಇದ್ದೆವು. ಕಟ್ಟೆಯ ಮೇಲೆ ಗೋಡೆಗೆ ಒರಗಿ ಮಾವ, ಹೊಸ್ತಿಲೊಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, ಮಂಡಕ್ಕಿ ಒಗ್ಗರಣೆಯ ತಟ್ಟೆಯ ಮುಂದೆ ನಾನು. ಊರೂರು ತಿರುಗಿ ಕರೆಂಟಿನ ಮೀಟರ್ ಓದುವ ಕೆಲಸದಿಂದ ಮಾವ ನಿವೃತ್ತರಾದ ಹೊಸತು. ಓದಲು ಮೀಟರ್ ಇಲ್ಲದೆ ಕೈ ಕಡಿಯುತ್ತಿತ್ತು.

"ನಾನೊಂದು ವಿಡಿಯೋ ಚಾನೆಲ್ ಸುರು ಮಾಡ್ತೀನಿ," ಎಂದರು. "ಆದ್ರ ಒಂದು ಕಂಡೀಷನ್. ಪೈಪೋಟಿ ಇರಬಾರದು!"

ಇದು ಅವರ ಜೀವನದ ಕಂಡೀಷನ್ನೂ ಹೌದು. ಜನರೆಲ್ಲ ಬೆಳಿಗ್ಗೆ ಕ್ಷೌರಕ್ಕೆ ಹೋದರೆ ಇವರು ಮಟಮಟ ಮಧ್ಯಾಹ್ನ ಹೋಗಿ, ಕುರ್ಚಿಯಲ್ಲೇ ನಿದ್ದೆ ಹೋದ ಕ್ಷೌರಿಕನನ್ನು ಎಬ್ಬಿಸಿ ಕೂರುತ್ತಾರೆ. ಶಾಲೆಯಲ್ಲಿ ಹುಡುಗರೆಲ್ಲ ಕಬಡ್ಡಿಗೆ ಹೆಸರು ಕೊಟ್ಟಾಗ ಇವರು ಸೂಜಿಗೆ ದಾರ ಪೋಣಿಸುವ ಸ್ಪರ್ಧೆಗೆ ಕೊಟ್ಟರಂತೆ. ಗಂಡುಮಕ್ಕಳ ವಿಭಾಗದಲ್ಲಿ ಒಬ್ಬರೇ! ಬಹುಮಾನ ಬಂತು. ದಾರ ಕೊನೆಗೂ ಸೂಜಿಯೊಳಗೆ ಹೋಗಲಿಲ್ಲ ಎಂಬುದು ಬೇರೆ ಮಾತು.

"ನಿಮ್ಮತ್ತೀನ ನೋಡಾಕ ಕಂಪ್ಲಿಗೆ ಹೋಗಿದ್ದೂ ಅದಕ್ಕಲೇ. ಬ್ಯಾರೆ ಯಾರೂ ಬಂದಿರಲಿಲ್ಲ."

"ಬಂದಿದ್ರು ತಗೀರಿ!" ಹೊಸ್ತಿಲೊಳಗಿಂದ ಅತ್ತೆ. "ನಾನೇ ಒಲ್ಲೆ ಅಂದಿದ್ದೆ. ಕಡೀಕ ನಿಮ್ಮನ್ನ ನೋಡಿ ಪಾಪ ಅನ್ನಿಸ್ತು."

ಅಷ್ಟರಲ್ಲಿ ಫೋನು ಬಂತು. ಕಂಪ್ಲಿಯಿಂದ ಅತ್ತೆಯ ಅಕ್ಕ. ಮೊಣಕಾಲು ಕೈಕೊಟ್ಟು ಮನೆ ಹಿಡಿದಿರುವ ಆ ಹಿರಿಜೀವ ದಿನಾ ಕೇಳುವುದು ಒಂದೇ ಮಾತು: "ಯಾವಾಗ ಬರ್ತೀಯವಾ?" ಅತ್ತೆ ದಿನಾ ಕೊಡುವ ಉತ್ತರವೂ ಒಂದೇ: "ಬಿಸಿಲು ಇಳೀಲಿ ಅಕ್ಕ."

ನಮ್ಮ ಸೀಮೆಯಲ್ಲಿ ಬಿಸಿಲು ಇಳಿಯುವುದುಂಟೆ? ಹೋದ ಬೇಸಿಗೆಯಲ್ಲಿ ಕಂಪ್ಲಿಗೆಂದು ಹೊರಟ ಅತ್ತೆ ಬಸ್ ಸ್ಟ್ಯಾಂಡು ಮುಟ್ಟುವ ಮೊದಲೇ ನಡುರಸ್ತೆಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಅಲ್ಲಿಂದ ಈಚೆ ಹೊಸ್ತಿಲು ದಾಟಿಲ್ಲ. ವಾರಕ್ಕೊಮ್ಮೆ ತವರಿಗೆ ಹೋಗಿ ಅಕ್ಕನ ತಲೆಗೆ ಎಣ್ಣೆ ಹಚ್ಚಿ ಬರುತ್ತಿದ್ದ ಹೆಂಗಸು! ಡಾಕ್ಟರು, ಈಗೇನೂ ತೊಂದರೆ ಇಲ್ಲ, ತಂಪು ಹೊತ್ತಿನಲ್ಲಿ ಓಡಾಡಿ ಎಂದಿದ್ದರು. ಎದೆಯೊಳಗೆ ಹೊಕ್ಕ ಹೆದರಿಕೆಗೆ ಡಾಕ್ಟರ ಮಾತು ಕೇಳಿಸಬೇಕಲ್ಲ!

"ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ ಐತಿ, ಹೋಗಿ ಬಾರ," ಎಂದರು ಮಾವ.

"ಬಿಸಿಲೂ ಪುಕ್ಕಟೆ ಐತಿ ರೀ," ಎಂದರು ಅತ್ತೆ.

ಮಾವ ಮಾತು ಬದಲಿಸಿ ನನ್ನ ಕಡೆ ತಿರುಗಿದರು. "ನಾಳಿಂದ ನೀನು ಕ್ಯಾಮೆರಾ. ನಿನ್ನ ಗಾಡಿಗೆ ಪೆಟ್ರೋಲ್ ಹಾಕ್ಸು."

ಮೊದಲ ದಂಡಯಾತ್ರೆ ಹಂಪಿಗೆ. ಹೋಗಿ ನೋಡಿದರೆ ಕಲ್ಲಿನ ರಥದ ಸುತ್ತ ರಥಕ್ಕಿಂತ ಹೆಚ್ಚು ಕ್ಯಾಮೆರಾ! ಒಬ್ಬ ಇಂಗ್ಲಿಷಿನಲ್ಲಿ ಇತಿಹಾಸ ಹೇಳುತ್ತಿದ್ದ, ಒಬ್ಬಳು ಕುಣಿಯುತ್ತಿದ್ದಳು, ಇನ್ನೊಬ್ಬ ಇವರಿಬ್ಬರನ್ನೂ ಚಿತ್ರೀಕರಿಸುತ್ತಿದ್ದ. ಮಾವ ಹೋಗಿ ನಟ್ಟನಡುವೆ ನಿಂತರು.

"ಅಂಕಲ್, ಸ್ವಲ್ಪ ಸರೀರಿ!"

"ರಥಾನೇ ಸರದಿಲ್ಲ, ನಾ ಯಾಕ ಸರೀಲಿ?"

ಆ ದಿನ ಎಷ್ಟು ಜನರ ವಿಡಿಯೋದಲ್ಲಿ ಮಾವ ಬಿದ್ದರೋ ದೇವರಿಗೇ ಗೊತ್ತು. ನಮ್ಮ ವಿಡಿಯೋ ಮಾತ್ರ ಆಗಲಿಲ್ಲ.

ಎರಡನೆಯದು ದರೋಜಿಯ ಕರಡಿಗಳು. ಅಟ್ಟಣೆಯ ಮೇಲೆ ಮೊಳದುದ್ದದ ಲೆನ್ಸುಗಳು ಸಾಲಾಗಿ ಕೂತಿದ್ದವು. ಬಹಳ ಹೊತ್ತಿಗೆ ದೂರದ ಬಂಡೆಯ ಮೇಲೆ ಒಂದು ಕರಡಿ ಬಂತು. ಲೆನ್ಸಿನವರ ಕಡೆ ಮುಖ ಕೊಟ್ಟು ನಿಂತಿತು, ಮಾವ ಫೋನು ಎತ್ತಿದ ಕೂಡಲೇ ಬೆನ್ನು ತಿರುಗಿಸಿ ಕುಳಿತಿತು. "ಕರಡಿಗೂ ಗೊತ್ತಾಗೈತಲೇ, ಯಾರದು ದೊಡ್ಡ ಚಾನೆಲ್ ಅಂತ!"

ಮೂರನೆಯದು ಸಂಡೂರಿನ ಗುಡ್ಡ. ಅಷ್ಟೊತ್ತಿಗೆ ಬಿಸಿಲು ಬಲಿತಿತ್ತು. ಅಲ್ಲಿ ಯಾರು ಬರುತ್ತಾರೆ ಎಂದುಕೊಂಡು ಹತ್ತಿದರೆ, ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿ, ಫೋಟೋಗ್ರಾಫರು, ಹೊಗೆ ಉಗುಳುವ ಡಬ್ಬಿ! ಬಿಸಿಲನ್ನು ಮುಖಕ್ಕೆ ತಿರುಗಿಸುವ ಬೆಳ್ಳಿ ಬಣ್ಣದ ದುಂಡನೆಯ ತಟ್ಟಿ ಹಿಡಿಯಬೇಕಾದವನು ಎಲ್ಲೋ ಕೈಕೊಟ್ಟಿದ್ದ. ಫೋಟೋಗ್ರಾಫರ್ ಮಾವನನ್ನು ಮೇಲಿಂದ ಕೆಳಗೆ ನೋಡಿ, "ಅಂಕಲ್, ಒಂದೆರಡು ನಿಮಿಷ ಹಿಡೀತೀರಾ?" ಎಂದ. ಮಾವ ಹಿಡಿದರು. ಪೈಪೋಟಿಯಿಲ್ಲದ ಕೆಲಸವಲ್ಲವೆ!

ಎರಡು ನಿಮಿಷ ಗಂಟೆಯಾಯಿತು. ನೆಲ ಗುಡಿಸುವ ಲಂಗ ತೊಟ್ಟ ಆ ಹುಡುಗಿ ಬೆವರಿ ಬಾಡಿ, ಹುಡುಗನ ತೋಳನ್ನು ಪ್ರೀತಿಗಲ್ಲ, ಆಧಾರಕ್ಕೆ ಹಿಡಿದಿದ್ದಳು. ಮಾವ ಆಕೆಯ ಮುಖವನ್ನೇ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಮುಂದೆ ಹೋಗಿ, ತಟ್ಟಿಯನ್ನು ಅವಳ ತಲೆಯ ಮೇಲೆ ಛತ್ರಿಯಂತೆ ಎತ್ತಿ ಹಿಡಿದುಬಿಟ್ಟರು.

"ಅಂಕಲ್! ಬೆಳಕು ಬೀಳಬೇಕು, ನೆರಳಲ್ಲ!"

"ಫೋಟೋ ಕೆಟ್ರ ಇನ್ನೊಂದು ತಗೀಬೋದಪ್ಪ. ಹುಡುಗಿ ಬಿದ್ರ?"

ಚಾನೆಲ್ ಮಾಡಲು ಹೋದವರು ಬೇರೆಯವರ ಶೂಟಿಂಗ್ ಕೆಡಿಸಿ ಬಂದೆವು! ಗುಡ್ಡ ಇಳಿಯುವಾಗ ಗಾಡಿಯ ಹಿಂದೆ ಕೂತ ಮಾವ ನನ್ನ ಬೆನ್ನಿಗೆ ಗುದ್ದಿದರು.

"ಸಿಕ್ತಲೇ! ಹಂಪಿ ಕಂಬದ ಮ್ಯಾಲ ಸಾವಿರ ವಿಡಿಯೋ ಅದಾವ. ಕಂಬದ ನೆರಳಿನ ಮ್ಯಾಲ ಒಂದರ ಐತೇನು?"

ಇರಲಿಲ್ಲ. ಯಾಕಿದ್ದೀತು!

ಹೀಗೆ ಹುಟ್ಟಿತು ನೋಡಿ, ನೆರಳಿನ ವಿಮರ್ಶೆಗೆಂದೇ ಮೀಸಲಾದ ಚಾನೆಲ್ಲು. ಮೀಟರ್ ಓದಿದ ಗತ್ತಿನಲ್ಲೇ ಮಾವ ನೆರಳು ಓದತೊಡಗಿದರು. ಕಮಲಾಪುರದ ಬೇವು: "ನೆರಳು ತೆಳುವು, ಆದ್ರ ಗಾಳಿ ಸೋಸಿ ಕೊಡ್ತೈತಿ." ಹುಣಸೆ: "ದಪ್ಪ ನೆರಳು. ಇರುವೆ ಅದಾವ, ಪಂಚೆ ಜ್ವಾಕಿ." ಕರೆಂಟು ಕಂಬ: "ಒಬ್ರಿಗೆ ಮಾತ್ರ. ಹೊಟ್ಟಿ ಇದ್ದವ್ರು ಆಸೆ ಪಡಬ್ಯಾಡ್ರಿ." ಹಂಪಿಯ ಮಂಟಪದ ಮುಂದೆ ನಿಂತು ಕೊಟ್ಟ ತೀರ್ಪಂತೂ ಕಲ್ಲಿನ ಮೇಲೆ ಕೆತ್ತಿಸಬೇಕಾದದ್ದು: "ನಾಯಿ ಎಲ್ಲಿ ಮಲಗೈತೋ ಅಲ್ಲಿ ಹೋಗ್ರಿ. ಅದಕ್ಕಿಂತ ಛಲೋ ನೆರಳು ಆ ಊರಾಗ ಇರಂಗಿಲ್ಲ!"

ನೋಡುವವರು? ನಾನು, ನನ್ನ ಹೆಂಡತಿ, ಮತ್ತೆ ಯಾರೋ ನಾಲ್ಕಾರು ಪುಣ್ಯಾತ್ಮರು. ಒಬ್ಬ ಕೆಳಗೆ ಬರೆದಿದ್ದ: "ಅಜ್ಜಾರೆ, ನಿಮಗೆ ಕೆಲಸ ಇಲ್ಲವಾ?" ಮಾವ ಅತ್ಯಂತ ಗೌರವದಿಂದ ಉತ್ತರಿಸಿದರು: "ಇಲ್ಲಪ್ಪ, ನಿವೃತ್ತ ಆಗೀನಿ."

ಅತ್ತೆ ಮಾತ್ರ ಚಾನೆಲ್ಲಿಗೆ ಸೇರಲೇ ಇಲ್ಲ. "ಎದುರಿಗೇ ಕುಂತವರನ್ನ ಮತ್ತ ಫೋನಿನಾಗ ಯಾಕ ನೋಡ್ಲಿ?" ಎಂದು ಅವರೆಕಾಳಿನಷ್ಟೇ ಸಲೀಸಾಗಿ ಮಾವನನ್ನು ಹಿಚುಕಿಬಿಟ್ಟರು.

ಮಾವ ಬಿಡಲಿಲ್ಲ. ತಮ್ಮ ಗೇಟಿನಿಂದ ಬಸ್ ಸ್ಟ್ಯಾಂಡಿನವರೆಗೆ ಯಾವ ಹೊತ್ತಿನಲ್ಲಿ ಯಾವ ಮಗ್ಗುಲು ನಡೆಯಬೇಕು ಎಂದು ಒಂದು ವಿಡಿಯೋ. ಕಂಪ್ಲಿ ಬಸ್ಸಿನಲ್ಲಿ ಯಾವ ಕಡೆ ಕೂರಬೇಕು ಎಂದು ಇನ್ನೊಂದು. ಅದಕ್ಕಾಗಿ ನಾವಿಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬಂದೆವು. ನಾನು ಬಲಗಡೆ ಕೂತು ಹಪ್ಪಳವಾದೆ, ಮಾವ ಎಡಗಡೆ ಕೂತು ಗೊರಕೆ ಹೊಡೆದರು. "ಮುಂಜಾನಿ ಹೋಗೋವಾಗ್ಲೂ ಎಡಗಡೆ, ಸಂಜಿಕ ಬರೋವಾಗ್ಲೂ ಎಡಗಡೆ," ಎಂದು ಜಗತ್ತಿಗೆ ಸಾರಿದರು. ಆಮೇಲೆ ಕಂಪ್ಲಿಯ ಬಸ್ ಸ್ಟ್ಯಾಂಡು. ಆಮೇಲೆ ಅಲ್ಲಿಂದ ಕೋಟೆಯ ಕಡೆಯ ದಾರಿ, ಮರ ಮರಕ್ಕೊಂದು ವಿಡಿಯೋ. ಕೊನೆಯದು ಅತ್ತೆಯ ಅಕ್ಕನ ಮನೆಯ ಮುಂದಿನ ಚಪ್ಪರ!

ನನಗೆ ಸಾಕಾಯಿತು. "ಮಾವ, ಹಂಪಿ ಬಿಟ್ಟು ಕಂಪ್ಲಿಗೇ ಯಾಕ್ರಿ ಇಷ್ಟು ವಿಡಿಯೋ?"

ಮಾವ ಎಲ್ಲೋ ನೋಡುತ್ತ ಹೇಳಿದರು. "ಅಲ್ಲಿ ಪೈಪೋಟಿ ಕಡಿಮಿ."

ಯುಗಾದಿ ಕಳೆದಿತ್ತು. ಕಮಲಾಪುರದ ಬಾಳೆತೋಟದ ನೆರಳನ್ನು ವಿಮರ್ಶಿಸಿ ಮಧ್ಯಾಹ್ನ ಮನೆಗೆ ಬಂದರೆ, ಬಾಗಿಲಿಗೆ ಬೀಗ! ಮಾವನ ಮುಖ ಬಿಳುಚಿತು. ಪಕ್ಕದ ಮನೆಯಾಕೆ ಬೀಗದ ಕೈ ತಂದು ಕೊಟ್ಟರು. "ಕಂಪ್ಲಿಗೆ ಹೋದ್ರು ರೀ, ಮುಂಜಾನಿ ಬಸ್ಸಿಗೆ. ಸಾರು ಒಲಿ ಮ್ಯಾಲ ಐತಂತ."

ಮಾವ ಫೋನು ಹಚ್ಚಿದರು. ಅತ್ತ ಕಡೆಯ ಧ್ವನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಏನ್ರೀ, ನಿಮ್ಮ ವಿಡಿಯೋದಾಗ ತಪ್ಪೈತಿ! ಕ್ವಾಟಿ ಹತ್ರದ ಬೇವಿನ ಗಿಡ ಹತ್ತು ಗಂಟಿಕ ನೆರಳು ಕೊಡಂಗಿಲ್ಲ, ಅದರ ಎದುರಿನ ಗ್ವಾಡಿ ಕೊಡ್ತೈತಿ. ಸರಿ ಮಾಡಿ ಹಾಕ್ರಿ. ನಂಬಿ ಬಂದವರು ಏನಾಗಬೇಕು? ಅಕ್ಕನ ತಲಿಗೆ ಎಣ್ಣಿ ಹಚ್ಚಾಕತ್ತೀನಿ, ಸಂಜಿಕ ಬರ್ತೀನಿ."

ಚಾನೆಲ್ಲಿನಲ್ಲಿ ಯಾರು ಏನೇ ತಪ್ಪು ತೋರಿಸಿದರೂ ಗಂಟೆಗಟ್ಟಲೆ ವಾದಿಸುವ ಮಾವ ಆ ದಿನ "ಹೂಂ" ಎಂದರು. ಕಟ್ಟೆಯ ಮೇಲೆ ಕೂತು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಬೆವರನ್ನಷ್ಟೇ ಅಲ್ಲ.

ಸಂಜೆ ಇಬ್ಬರೂ ಬಸ್ ಸ್ಟ್ಯಾಂಡಿಗೆ ಹೋದೆವು. ಕಂಪ್ಲಿ ಬಸ್ಸು ಬರುವಷ್ಟರಲ್ಲಿ ಹೊತ್ತು ಮುಳುಗಿ ಬೀದಿ ದೀಪಗಳು ಹತ್ತಿದ್ದವು. ಅತ್ತೆ ಎಡಗಡೆಯ ಕಿಟಕಿಯಲ್ಲಿ ಕಂಡರು. ಅವರು ಇಳಿದು ನೆಲಕ್ಕೆ ಕಾಲಿಟ್ಟ ಕೂಡಲೇ ಮಾವ ಕಂಕುಳಲ್ಲಿದ್ದ ಛತ್ರಿ ಬಿಚ್ಚಿ ಅವರ ತಲೆಯ ಮೇಲೆ ಹಿಡಿದರು.

"ಬಿಸಿಲೆಲ್ಲೈತಿ ರೀ? ಮಡಚ್ರಿ, ಮಂದಿ ನೋಡಾಕತ್ತಾರ!"

ಮಾವ ಮಡಚಲಿಲ್ಲ. ಅತ್ತೆಯೂ ಈಚೆ ಸರಿಯಲಿಲ್ಲ. ಅತ್ತೆಯ ಚೀಲ ಹಿಡಿದು ನಾನು ಅವರ ಹಿಂದೆ ಮನೆಯವರೆಗೂ ನಡೆದೆ.