ಹಯಾತ್ ಸಾಬರ ಎರಡು ಅಳತೆ

ಒಂದು ಸಣ್ಣ ಮಾತನ್ನು ಹಯಾತ್ ಸಾಬರಿಗೆ ಹೇಳಬೇಕಾಗಿತ್ತು. ಕಾರ್ಖಾನೆಯ ಎಂಟು ಜನರೂ ‘ಇನ್ನೊಬ್ಬ ಹೇಳಿರುತ್ತಾನೆ’ ಎಂದುಕೊಂಡು ಸುಮ್ಮನಾದರು. ಆ ದಿನದ ಫಜೀತಿಗೆಲ್ಲ ಅದೇ ಕಾರಣ.

ಮಾತು ಇಷ್ಟೇ: “ನಾಳೆ ಗಡಿಯಾರದವನು ಬರ್ತಾನೆ. ಕೈ ನಿಧಾನ ಇರಲಿ.”

ಆಗ ಭದ್ರಾವತಿಯ ಹಳೇ ಊರಿನ ಕಡೆ, ಹೊಳೆಯಿಂದ ಕೂಗಳತೆ ದೂರದಲ್ಲಿ, ಹಿರಿಯಣ್ಣ ಧಣಿಗಳದ್ದೊಂದು ಎರಕದ ಕಾರ್ಖಾನೆ ಇತ್ತು. ನ್ಯೂ ಟೌನಿನ ದೊಡ್ಡ ಕಾರ್ಖಾನೆಯ ಮುಂದೆ ಅದು ಆನೆಯ ಪಕ್ಕದ ಇರುವೆ. ಮೊದಲೆಲ್ಲ ಅಲ್ಲಿ ಆಗುತ್ತಿದ್ದದ್ದು ಕಬ್ಬಿನ ಗಾಣದ ಹಲ್ಲುಚಕ್ರ ಒಂದೇ. ಒದ್ದೆ ಮರಳಿನಲ್ಲಿ ಅಚ್ಚು ಕಟ್ಟಬೇಕು, ಅಚ್ಚಿಗೆ ಕರಗಿದ ಕಬ್ಬಿಣ ಹುಯ್ಯಬೇಕು. ಆಮೇಲೆ ಹಳ್ಳಿಗಳಿಗೆ ಕರೆಂಟು ಬಂತು, ಕರೆಂಟಿನ ಬೆನ್ನಿಗೆ ನೀರೆತ್ತುವ ಪಂಪು ಬಂತು. ಧಣಿಗಳು ದೊಡ್ಡ ಶೆಡ್ಡು ಹಾಕಿಸಿ ಪಂಪಿನ ಅಚ್ಚಿಗೆಂದು ಒಂಬತ್ತು ಜನರ ಸಾಲು ನಿಲ್ಲಿಸಿದರು. ಒಬ್ಬ ಮರಳು ಜರಡಿ ಹಿಡಿದರೆ ಪಕ್ಕದವನು ತುಂಬುತ್ತಾನೆ, ಅವನ ಪಕ್ಕದವನು ಕುಟ್ಟುತ್ತಾನೆ. ಗಾಣದ ಚಕ್ರ ಕೇಳುವವರು ಕಡಿಮೆಯಾದರು. ಆದರೂ ಕೇಳುವವರು ಇದ್ದೇ ಇದ್ದರು. ಅದಕ್ಕೆ ಒಬ್ಬ ಸಾಕು ಎಂದು ಹಯಾತ್ ಸಾಬರನ್ನು ಕಲ್ಲಿದ್ದಲು ಗುಡ್ಡೆಯ ಆಚೆ, ಹಳೇ ಗುಡಿಸಲಿನಲ್ಲೇ ಬಿಟ್ಟರು.

ಹಾಗೆ ಬಿಟ್ಟು ಹನ್ನೊಂದು ವರ್ಷವಾಗಿತ್ತು.

ಸಾಬರು ಮನೆಯಲ್ಲೂ ಒಬ್ಬರೇ. ತಂಗಿ ಜೈನಾಬಿ ಶಿವಮೊಗ್ಗದಲ್ಲಿ ಗಂಡನ ಮನೆ ಸೇರಿದ್ದಳು. ಇವರಿಗೆ ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವುದನ್ನೂ ಜನ ಈಚೆಗೆ ಬಿಟ್ಟಿದ್ದರು. ಮಧ್ಯಾಹ್ನದ ಗಂಟೆ ಹೊಡೆದರೆ ಸಾಲಿನವರು ಹೊಂಗೆ ಮರದ ಕೆಳಗೆ ಸುತ್ತ ಕೂತು ಬುತ್ತಿ ಬಿಚ್ಚುತ್ತಿದ್ದರು. ಅವರ ನಗು ಗುಡ್ಡೆ ಹತ್ತಿ ಈಚೆ ಇಳಿದು ಬರುತ್ತಿತ್ತು. ನಗುವಿನ ಕಾರಣ ಮಾತ್ರ ಆ ಕಡೆಯೇ ಉಳಿಯುತ್ತಿತ್ತು. ಸಾಬರು ಕಾರಣ ಗೊತ್ತಿಲ್ಲದೆಯೇ ಸ್ವಲ್ಪ ನಕ್ಕು ರೊಟ್ಟಿ ಮುರಿಯುತ್ತಿದ್ದರು.

ಹೋದ ತಿಂಗಳು ಸಾಲಿನ ರಂಗಪ್ಪ ಕೆಲಸ ಬಿಟ್ಟು ಮಾವನ ಊರಿಗೆ ಹೋದ. ಒಂಬತ್ತನೇ ಜಾಗ ಖಾಲಿಯಾಯಿತು. ಆ ಜಾಗ ತಮಗೆ ಸಿಕ್ಕೀತೇ ಎಂದು ಕೇಳಲು ಸಾಬರು ಎರಡು ಸಲ ಗುಡ್ಡೆಯ ತನಕ ಹೋಗಿದ್ದರು. ಎರಡು ಸಲವೂ ಏನೋ ಮರೆತವರ ಹಾಗೆ ತಿರುಗಿ ಬಂದಿದ್ದರು.

ಗಡಿಯಾರದವನೆಂದರೆ ಧಣಿಗಳ ಅಕ್ಕನ ಮಗ ಲಕ್ಷ್ಮೀಕಾಂತ. ಕಾರ್ಖಾನೆ ನಡೆಸುವುದು ಹೇಗೆ ಎಂದು ಬೊಂಬಾಯಿಯಲ್ಲಿ ಆರು ತಿಂಗಳು ಕಲಿತು ಬಂದಿದ್ದ. ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಒಂದು ಗಡಿಯಾರ ಅವನ ಕೊರಳಲ್ಲಿ ತಾಯಿತದ ಹಾಗೆ ತೂಗುತ್ತಿತ್ತು. ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಅಳೆದು, ಇನ್ನು ಮುಂದೆ ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಎಂದು ಹೇಳುವುದು ಅವನ ವಿದ್ಯೆ. ಶಿವಮೊಗ್ಗದಿಂದ ಬೆಳಗಿನ ರೈಲಿಗೆ ಬಂದವನು, ಸ್ಟೇಷನ್ನಿಗೆ ಹತ್ತಿರವೆಂದು ಹಿಂಬಾಗಿಲಿನಿಂದ ಒಳಗೆ ಬಂದ. ಮೊದಲು ಕಂಡವರು ಹಯಾತ್ ಸಾಬರು.

“ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಈ ಕೆಲಸ?”

“ಮೀಸೆ ಬರೋಕೆ ಮುಂಚಿಂದ ಸ್ವಾಮಿ.”

“ನಾನು ಇಲ್ಲೇ ಕೂತು ನೋಡ್ತೀನಿ. ದಿನಾ ಮಾಡೋ ಹಾಗೇ ಮಾಡಿ. ತೊಂದರೆ ಇಲ್ಲ ತಾನೆ?”

ಕೂತು ನೋಡುತ್ತಾರಂತೆ! ಸಾಬರು ಹೆಗಲ ಟವೆಲಿನಿಂದ ಮುಕ್ಕಾಲಿಯನ್ನು ಮೂರು ಸಲ ಒರೆಸಿದರು. ಹೊಸ ಅಳಿಯನಿಗೆ ಬಡಿಸುವ ಅತ್ತೆಯ ಹಾಗೆ ಮರಳಿಗೆ ಕೈ ಹಾಕಿದರು. ಜರಡಿ ಕುಣಿಯಿತು. ಕರಣೆ ಹಾಡಿತು. ಒಂದೊಂದು ಹಲ್ಲು ಮೂಡಿದಾಗಲೂ ಸಾಬರು ತಲೆಯೆತ್ತಿ ‘ನೋಡಿದಿರಾ’ ಎನ್ನುವ ಹಾಗೆ ನೋಡುವರು. ಲಕ್ಷ್ಮೀಕಾಂತ ತಲೆದೂಗುವನು. ಆ ತಲೆದೂಗುವಿಕೆಗೆ ಮುಂದಿನ ಎರಡು ಹಲ್ಲು ತಾವಾಗಿಯೇ ಮೂಡುವವು.

“ಒಂದು ಗಂಟೆ ಹತ್ತು ನಿಮಿಷ!” ಲಕ್ಷ್ಮೀಕಾಂತ ಗಡಿಯಾರ ಒತ್ತಿದ. “ಮೂರು ಗಂಟೆ ಬೇಕು ಅಂತ ಕಾರ್ಖಾನೆ ಲೆಕ್ಕದಲ್ಲಿ ಬರೆದಿದ್ರಲ್ಲ!”

“ನೋಡೋರು ಇದ್ರೆ ಕೈ ತಾನೇ ಓಡುತ್ತೆ ಸ್ವಾಮಿ,” ಎಂದರು ಸಾಬರು. ಅವನು ಬರೆಯುವುದರಲ್ಲಿ ಮುಳುಗಿದ್ದ, ಕೇಳಿಸಲಿಲ್ಲ.

ಸುದ್ದಿ ಗುಡ್ಡೆಯ ಆ ಕಡೆ ಮುಟ್ಟುವುದಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಸಾಲಿನ ಯಜಮಾನ ಚೌಡಪ್ಪ ವರ್ಷಗಳ ಮೇಲೆ ಗುಡಿಸಲಿಗೆ ಕಾಲಿಟ್ಟ. ಅವನ ಮುಖ ಉಪ್ಪು ಹೆಚ್ಚಾದ ಸಾರು ಕುಡಿದ ಹಾಗಿತ್ತು. ಹಿಂದೆಯೇ ಸಾಲಿನಲ್ಲಿ ಮರಳು ಕುಟ್ಟುವ ತಮಿಳಿನ ಮುನುಸ್ವಾಮಿ.

“ಏನ್ ಮಾರಾಯ ನೀನು! ಎಂಟು ಜನದ ಕುತ್ತಿಗೆಗೂ ಒಂದೇ ಹಗ್ಗ ಹಾಕಿದ್ಯಲ್ಲ!” ಎಂದ ಚೌಡಪ್ಪ. “ಒಂದ್ ಗಂಟೇಲಿ ಚಕ್ರ ಎಬ್ಬಿಸಿದ್ರೆ, ನೀವ್ಯಾಕೆ ಕಾಲ್ ಗಂಟೇಲಿ ಪಂಪ್ ಎಬ್ಬಿಸಲ್ಲ ಅಂತಾನೆ ಅವನು. ಇವನ ಸೊಂಟ ನೋಡಿದೀಯಾ?”

ಮುನುಸ್ವಾಮಿ ತಿರುಗಿ ನಿಂತು ಸೊಂಟ ತೋರಿಸಿದ. “ಆ ಗಡಿಯಾರಕ್ಕೆ ಹೊಸ ಸ್ಪ್ರಿಂಗ್ ಸಿಗುತ್ತೆ ಸಾಬು. ಇದಕ್ಕೆಲ್ಲಿ ಸಿಗುತ್ತೆ?”

“ಬರ್ತಾನೆ ಅಂತ ನಂಗೆ ಯಾರೂ ಹೇಳಲೇ ಇಲ್ವಲ್ಲ ಚೌಡಪ್ಪ.”

“ಮುನುಸ್ವಾಮಿ ಹೇಳಿರ್ತಾನೆ ಅಂದ್ಕೊಂಡೆ.”

“ನಾನು ಚೌಡಪ್ಪಣ್ಣ ಹೇಳಿರ್ತಾರೆ ಅಂದ್ಕೊಂಡೆ.”

“ಹನ್ನೊಂದು ವರ್ಷದಿಂದಲೂ ಹಾಗೇ ಆಗಿರ್ಬೇಕು,” ಎಂದರು ಸಾಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

ಚೌಡಪ್ಪ ಕೆಮ್ಮಿದ. ಆಮೇಲೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದ: “ನೋಡು, ಮಧ್ಯಾಹ್ನ ಇನ್ನೊಂದ್ಸಲ ಅಳೆಸು. ಮೂರು ಗಂಟೆಗೆ ಕಡಿಮೆ ಆಗ್ಬಾರ್ದು. ರಂಗಪ್ಪನ ಜಾಗಕ್ಕೆ ಯಾರು ಬೇಕು ಅಂತ ಧಣಿಗಳು ನನ್ನ ಕೇಳಿದಾರೆ. ಹಯಾತ್ ಸಾಬ್ರು ಅಂತೀನಿ. ಆಯ್ತಾ?”

ಚಕ್ರವನ್ನು ಹಲ್ಲಿನಿಂದ ಕಚ್ಚಿ ಎತ್ತು ಎಂದಿದ್ದರೂ ಸಾಬರು ಆಗಲಿ ಎನ್ನುತ್ತಿದ್ದರು.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಎಂಟು ಜನ ಸರಿದು ಒಬ್ಬರಿಗೆ ಜಾಗ ಮಾಡಿದರು. ಯಾರೋ ಸಾಬರ ರೊಟ್ಟಿಯ ಮೇಲೆ ಮಿಡಿ ಉಪ್ಪಿನಕಾಯಿ ಇಟ್ಟರು. ಇನ್ಯಾರೋ ಮಜ್ಜಿಗೆ ಚೊಂಬು ಮುಂದೆ ಮಾಡಿದರು. ಮುನುಸ್ವಾಮಿ ಪಾಠ ಶುರು ಮಾಡಿದ.

“ನಿಧಾನ ಬೇರೆ, ಸೋಮಾರಿತನ ಬೇರೆ ಸಾಬು. ಸೋಮಾರಿ ಸುಮ್ನೆ ಕೂತಿರ್ತಾನೆ, ಸಿಕ್ಕಿಬೀಳ್ತಾನೆ. ನಿಧಾನದವನು ಬೆವರು ಸುರಿಸ್ತಾನೆ! ಜರಡಿ ಹಿಡಿದ ಮರಳನ್ನ ಮತ್ತೆ ಜರಡಿ ಹಿಡಿ. ಕರಣೆ ಕೈಲೇ ಇಟ್ಕೊಂಡು ಕರಣೆ ಎಲ್ಲಿ ಅಂತ ಹುಡುಕು. ಬಗ್ಗುವಾಗ ಒಂದ್ಸಲ ‘ಅಮ್ಮಾ’, ಏಳುವಾಗ ಒಂದ್ಸಲ ‘ಅಮ್ಮಾ’.”

“ನಾನು ‘ಅರೆ ಬಾಪ್ ರೇ’ ಅಂತೀನಿ.”

“ಅನ್ನು, ಅನ್ನು. ಅದು ಇನ್ನೂ ಉದ್ದ ಇದೆ.”

ಎಲ್ಲರೂ ನಕ್ಕರು. ಸಾಬರೂ ನಕ್ಕರು. ಕಾರಣ ಗೊತ್ತಿದ್ದು ನಕ್ಕು ಎಷ್ಟು ಕಾಲವಾಗಿತ್ತೋ, ಕಣ್ಣಲ್ಲಿ ನೀರು ಬಂತು. ಉಪ್ಪಿನಕಾಯಿ ಖಾರ ಎಂದರು.

ಊಟವಾದ ಮೇಲೆ ಸಾಬರು ಲಕ್ಷ್ಮೀಕಾಂತನ ಮುಂದೆ ನಿಂತು ಕೈ ಹಿಸುಕಿಕೊಂಡರು. “ಬೆಳಿಗ್ಗೇದು ಸರಿಯಾದ ಅಳತೆ ಅಲ್ಲ ಸ್ವಾಮಿ. ಇನ್ನೊಂದ್ಸಲ ನೋಡ್ಬೇಕು.”

ಅವನಿಗೆ ಸಂತೋಷವೇ ಆಯಿತು. “ಒಂದೇ ಸಲ ಅಳೆದದ್ದು ಅಳತೆಯೇ ಅಲ್ಲ ಅಂತ ನಮ್ಮ ಮೇಷ್ಟ್ರೂ ಹೇಳ್ತಿದ್ರು. ಈ ಸಲ ದೂರ ಕೂತ್ಕೋತೀನಿ, ನಿಮಗೆ ಅಡ್ಡಿ ಬೇಡ,” ಎಂದು ಹೊರಗೆ ನೆರಳಲ್ಲಿ ಕೂತ.

ಸಾಬರು ಪಾಠ ನೆನೆಸಿಕೊಂಡು ಕರಣೆ ಹುಡುಕತೊಡಗಿದರು. ಆದರೆ ಬಲಗೈ ಹುಡುಕುತ್ತಿದ್ದಾಗ ಎಡಗೈ ಸುಮ್ಮನಿರಬೇಕಲ್ಲ! ಅದು ಮರಳು ತುಂಬಿ ಒತ್ತುತ್ತಿತ್ತು. ‘ಅರೆ ಬಾಪ್ ರೇ’ ಎಂದು ಬಗ್ಗಿದರೆ, ಬಗ್ಗಿದ್ದಕ್ಕೆ ಎರಡು ಹಲ್ಲು ಮುಗಿದಿರುತ್ತಿದ್ದವು. ಒಂಟಿಯಾಗಿ ದುಡಿದ ಕೈಗೆ ಕೆಲಸ ಬಿಟ್ಟು ಬೇರೆ ಗೆಳೆಯರಿರಲಿಲ್ಲ, ಅದೇನು ಮಾಡೀತು? ಅರ್ಧ ಗಂಟೆಯಲ್ಲಿ ಚಕ್ರದ ಮೂರರಲ್ಲೊಂದು ಪಾಲು ಎದ್ದು ನಿಂತಿತು.

ಗುಡ್ಡೆಯ ಮೇಲಿಂದ ಇಣುಕಿದ ಚೌಡಪ್ಪ ಹಣೆ ಹಣೆ ಚಚ್ಚಿಕೊಂಡ. ತಕ್ಷಣ ಬೆಂಕಿಪೊಟ್ಟಣ ಕೇಳುವ ನೆಪ ಹೇಳಿ ಮುನುಸ್ವಾಮಿಯನ್ನು ಕಳಿಸಿದ.

“ಸಾಬು, ನಿಮ್ಮ ತಂಗಿ ಇರೋದು ಶಿವಮೊಗ್ಗದಲ್ಲಾ?”

ಅಷ್ಟೇ ಸಾಕಾಯಿತು. ಸಾಬರು ತಂಗಿಯ ಮದುವೆ ಹೇಳಿದರು. ಭಾವ ಓಡಿಸುವ ಲಾರಿಯ ವಿಷಯ ಹೇಳಿದರು. ಆ ಲಾರಿ ತುಂಗೆಯ ಸೇತುವೆಯ ನಡುವೆ ಕೆಟ್ಟು ನಿಂತಾಗ, ಎರಡು ಕಡೆಯ ಮದುವೆ ದಿಬ್ಬಣಗಳೂ ಸೇತುವೆಯ ಮೇಲೇ ಎದುರುಬದುರಾಗಿ ಊಟಕ್ಕೆ ಕೂತದ್ದು ಹೇಳಿದರು. ಕರಣೆ ಗಾಳಿಯಲ್ಲೇ ನಿಂತಿತ್ತು. ಅದರಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ಮುನುಸ್ವಾಮಿ ಹೋದರೆ ಇನ್ನೊಬ್ಬ ಬಂದ, ಅವನು ಹೋದರೆ ಮತ್ತೊಬ್ಬ. ಬಂದವನು ಬಂದದ್ದೇಕೆಂದು ಮರೆತು, ನಿಜವಾಗಿಯೇ ‘ಆಮೇಲೆ?’ ಎನ್ನುತ್ತಿದ್ದ. ಎರಡನೇ ಸಲ ಬಂದ ಮುನುಸ್ವಾಮಿ ನಕ್ಕು ನಕ್ಕು ಹಿಂದಕ್ಕೆ ಒರಗಿದ್ದು ಅಚ್ಚಿನ ಮೇಲೇ. ಅಚ್ಚು ಕುಸಿಯಿತು.

ಕೂದಲೆಳೆಯ ಬಿರುಕಿಗೂ ಮರುಗುತ್ತಿದ್ದ ಸಾಬರು, “ಹೋಗ್ಲಿ ಬಿಡು ಮಾರಾಯ, ಇನ್ನೊಂದು ಕಟ್ಟಿದ್ರಾಯ್ತು. ಆ ದಿಬ್ಬಣದೋರು ಆಮೇಲೇನ್ ಮಾಡಿದ್ರು ಗೊತ್ತಾ?” ಎಂದರು.

ಸಂಜೆಯ ಗಂಟೆ ಹೊಡೆದಾಗ ಅರ್ಧ ಚಕ್ರವೂ ಆಗಿರಲಿಲ್ಲ. ಚೌಡಪ್ಪ ಬೆನ್ನು ತಟ್ಟಿ, “ಗೆದ್ದೆ ಕಣಪ್ಪ ಸಾಬು! ನಾಳೆಯಿಂದ ನಮ್ಮ ಸಾಲಲ್ಲಿ,” ಎಂದ.

ಎಲ್ಲರನ್ನೂ ಅಂಗಳಕ್ಕೆ ಕರೆದರು. ಧಣಿಗಳು ಕುರ್ಚಿಯಲ್ಲಿ ಕೂತು, “ಸರಿ, ಎಲ್ಲರಿಗೂ ಬೊಂಬಾಯಿ ಪದ್ಧತಿ ಹಾಕ್ಬಿಡಪ್ಪ,” ಎಂದರು.

“ಅದು ತಪ್ಪಾಗುತ್ತೆ ಮಾವ,” ಎಂದ ಲಕ್ಷ್ಮೀಕಾಂತ. “ಒಬ್ಬನ ಅಳತೆಗೆ ಹೊಲಿದ ಅಂಗಿ ಇನ್ನೊಬ್ಬನಿಗೆ ಹಾಕೋಕಾಗಲ್ಲ. ಪಂಪಿನ ಸಾಲಲ್ಲಿ ಒಬ್ಬನ ಕೈಗೆ ಇನ್ನೊಬ್ಬನ ಕೈ ಹೆಣೆದಿದೆ. ಅಲ್ಲಿ ಒಬ್ಬೊಬ್ಬನಿಗೂ ಗಡಿಯಾರ ಹಿಡಿದ್ರೆ ಹೆಣಿಗೆ ಬಿಚ್ಚಿಹೋಗುತ್ತೆ. ಅವರು ಮಾತಾಡ್ಕೊಂಡೇ ಮಾಡ್ಲಿ. ಈಗ ಹೇಗಿದೆಯೋ ಹಾಗೇ ಇರ್ಲಿ.”

ಎಂಟು ಎದೆಗಳಿಂದ ಒಂದೇ ಉಸಿರು ಹೊರಬಂತು.

“ಇವತ್ತು ಮಧ್ಯಾಹ್ನ ಒಬ್ಬೊಬ್ಬರೇ ಎದ್ದು ಹೋಗಿ ಬರ್ತಿದ್ರು, ಆದ್ರೂ ಸಾಲು ನಿಲ್ಲಲಿಲ್ಲ. ಹಾಗಾಗಿ ಒಂಬತ್ತನೆಯವನು ಬೇಕಾಗಿಲ್ಲ. ಆ ಜಾಗ ತೆಗೆದುಬಿಡಿ.”

ಸಾಬರು ಚೌಡಪ್ಪನ ಕಡೆ ನೋಡಿದರು. ಚೌಡಪ್ಪ ತನ್ನ ಕಾಲ ಹೆಬ್ಬೆರಳನ್ನು ನೋಡುತ್ತಿದ್ದ.

“ಗಾಣದ ಚಕ್ರ ಒಬ್ಬನ ಕೈಕೆಲಸ. ಅದರ ನ್ಯಾಯವೇ ಬೇರೆ,” ಲಕ್ಷ್ಮೀಕಾಂತ ಕಾಗದ ತಿರುವಿದ. “ಬೆಳಿಗ್ಗೆ ಸಾಬ್ರು ಒಬ್ಬರೇ ಇದ್ದಾಗ ಒಂದು ಗಂಟೆ ಹತ್ತು ನಿಮಿಷ. ಮಧ್ಯಾಹ್ನ ಜನ ಇದ್ದಾಗ ನಾಲ್ಕು ಗಂಟೆ ಹೊತ್ತು ಕಳೆದ್ರೂ ಅರ್ಧ ಆಗಲಿಲ್ಲ.”

ಬೆಳಿಗ್ಗೆ ಎದುರಿಗೆ ಮುಕ್ಕಾಲಿಯ ಮೇಲೆ ತಾನೂ ಒಬ್ಬ ಕೂತಿದ್ದೆ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಳೆಯುವವರು ಯಾರೂ ಹಿಡಿಯುವುದಿಲ್ಲ.

“ಪಾಪ, ಮರ್ಯಾದಸ್ಥರು ಮಾವ. ಮಾತಾಡೋಕೆ ಬಂದವರಿಗೆ ‘ಹೋಗಿ’ ಅನ್ನೋಕೆ ಬಾಯೇ ಬರಲ್ಲ ಅವರಿಗೆ. ಎಷ್ಟು ಹಿಂಸೆ ಪಟ್ಟರೋ, ಕಣ್ಣಲ್ಲಿ ನೋಡಿದೆ.”

“ನಂಗೇನೂ ಹಿಂಸೆ ಆಗಲಿಲ್ಲ ಸ್ವಾಮಿ,” ಎಂದರು ಸಾಬರು.

“ನೋಡಿದ್ರಾ? ಈಗಲೂ ಯಾರನ್ನೂ ಬಿಟ್ಟುಕೊಡಲ್ಲ! ಆ ಗುಡಿಸಲಿಗೆ ಸುತ್ತ ಗೋಡೆ ಕಟ್ಟಿಸಿ, ಒಳಗಿಂದ ಅಗುಳಿ ಹಾಕಿಸಿ. ಕುಡಿಯೋಕೆ ನೀರು ಅಲ್ಲೇ ಇರ್ಲಿ. ಊಟಕ್ಕೂ ಹೊರಗೆ ಬರೋ ತೊಂದರೆ ಬೇಡ.”

ಧಣಿಗಳಿಗೆ ಅಳಿಯನ ಬುದ್ಧಿ ಮೆಚ್ಚುಗೆಯಾಯಿತು. ಸಾಬರು ಬಾಯಿ ತೆರೆದರು. ಬಂದವರೆಲ್ಲ ಬೇಕೆಂದೇ ಬಂದದ್ದು ಎಂದು ಒಂದು ಮಾತು ಹೇಳಿದರೆ ಸಾಕಿತ್ತು, ಗಡಿಯಾರ ಎಂಟು ಜನರ ಮೇಲೆ ತಿರುಗುತ್ತಿತ್ತು. ಮುನುಸ್ವಾಮಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಇವರನ್ನೇ ನೋಡುತ್ತಿದ್ದ. ಸಾಬರು ಬಾಯಿ ಮುಚ್ಚಿಕೊಂಡರು.

ಎಲ್ಲರೂ ಕೈಕಾಲು ತೊಳೆದು ಹೊರಟರು. “ನಿನ್ನ ಉಪಕಾರ ಮರೆಯಲ್ಲ ಮಾರಾಯ,” ಎಂದ ಚೌಡಪ್ಪ. ಆಮೇಲೆ ಅವರೆಲ್ಲ ಗುಂಪಾಗಿ ಮುಂಬಾಗಿಲ ಕಡೆ ನಡೆದರು.

ಲಕ್ಷ್ಮೀಕಾಂತ ಶಿವಮೊಗ್ಗದ ರೈಲಿಗೆಂದು ಹಿಂಬಾಗಿಲಿನಿಂದ ಬಿರಬಿರನೆ ಹೋಗುತ್ತಿದ್ದ. ಸಾಬರು ಅವನ ಹಿಂದೆಯೇ ನಾಲ್ಕು ಹೆಜ್ಜೆ ಓಡಿದರು.

“ಸ್ವಾಮಿ, ಬೆಳಿಗ್ಗೆ ಕೂತಿದ್ರಲ್ಲ... ಹಾಗೆ ಅಳೆಯೋಕೆ ಆಗಾಗ ಬರ್ತೀರಾ?”

ಲಕ್ಷ್ಮೀಕಾಂತ ನಿಂತು ತಿರುಗಿದ. ಮುದುಕರಾಗುತ್ತಿರುವ ಮನುಷ್ಯ ಹೆದರಿದ್ದಾರೆ ಎನ್ನಿಸಿ ಅವನ ಮನಸ್ಸು ಕರಗಿತು. ಸಾಬರ ಹೆಗಲ ಮೇಲೆ ಕೈಯಿಟ್ಟ.

“ಭಯ ಬೀಳ್ಬೇಡಿ ಸಾಬ್ರೇ. ನಿಮ್ಮ ಅಳತೆ ಮುಗೀತು. ಇನ್ನು ನಿಮ್ಮ ಹತ್ರ ಯಾರೂ ಬರಲ್ಲ. ನಾನು ಮಾತು ಕೊಡ್ತೀನಿ.”