ಕರೆಂಟ್ ಡಾಕ್ಟ್ರ ಕಡೆಯ ದಿನ

ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಬೀದಿಯ ತುದಿಯ ಟ್ರಾನ್ಸ್‌ಫಾರ್ಮರ್ ಢಮ್ಮೆಂದಿತು. ಇಡೀ ಬೀದಿಯ ಕರೆಂಟು ಹೋಯಿತು. ಸಂಶೋಧಕನ ಮನೆಯಿದ್ದ ಒಂದೇ ಒಂದು ಕಟ್ಟಡದಲ್ಲಿ ಮಾತ್ರ ಫ್ಯಾನು ತಿರುಗುತ್ತಲೇ ಇತ್ತು. ಅದನ್ನು ನೋಡಿ ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದ.

ಆ ಕಟ್ಟಡದ ತಾರಸಿಯ ಮೇಲೆ ಸೌರಫಲಕ, ಮೆಟ್ಟಿಲ ಕೆಳಗೆ ಬ್ಯಾಟರಿ ಇಟ್ಟು ಅವನು ಪಿಎಚ್‌ಡಿ ಪ್ರಯೋಗ ನಡೆಸುತ್ತಿದ್ದ. ಹೊರಗಿನ ಕರೆಂಟು ಕೈಕೊಟ್ಟರೂ ಕಟ್ಟಡವೊಂದು ತನ್ನ ಪಾಲಿನ ಬಿಸಿಲಿನಲ್ಲೇ ಬದುಕಬಲ್ಲದೆಂದು ತೋರಿಸಬೇಕಿತ್ತು. ಕರೆಂಟು ಹೋದಾಗ ಮನೆಗೊಂದು ದೀಪ, ಒಂದು ಫ್ಯಾನು. ಅಷ್ಟಕ್ಕೆ ಎಲ್ಲರೂ ಒಪ್ಪಿದ್ದರು. ವರ್ಷವಿಡೀ ಒಮ್ಮೆಯೂ ಬ್ಯಾಟರಿ ಬರಿದಾಗಬಾರದು. ಇವತ್ತು ಆ ವರ್ಷದ ಕಡೆಯ ದಿನ. ಸಂಜೆಯವರೆಗೆ ತಡೆದರೆ ಪ್ರಬಂಧ ಮುಗಿದಂತೆ, ಕಾಲೇಜಿನ ಕೆಲಸ ಸಿಕ್ಕಂತೆ. ನೆರೆಯವರು ಈಗಾಗಲೇ ಅವನನ್ನು ‘ಡಾಕ್ಟ್ರೇ’ ಎನ್ನುತ್ತಿದ್ದರು. ಹಾಗೆ ಕರೆದಾಗೆಲ್ಲ ಅವನಿಗೆ ಬೇರೆ ಯಾರದೋ ಅಂಗಿ ತೊಟ್ಟಷ್ಟು ಮುಜುಗರ.

ಬೆಳಗಿನಿಂದ ಆಕಾಶ ಮುಖ ಊದಿಸಿಕೊಂಡಿತ್ತು. ಅವನು ಕೈ ತೊಳೆದು ಕೆಳಗೋಡಿದ.

ಮೆಟ್ಟಿಲ ಕೆಳಗೆ ಟೈಲರ್ ಆಗಲೇ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದ. “ಎರಡೇ ಪ್ಯಾಂಟು ಡಾಕ್ಟ್ರೇ, ಮದುವೆ ಗಂಡಿಂದು.”

“ಆಗಲ್ಲ ಮಾರಾಯ್ರೇ, ಇವತ್ತೊಂದಿನ ಬಿಟ್ಟುಬಿಡಿ.”

“ಒಂದು ವರ್ಷ ಕೂಡಿಟ್ಟಿದ್ದೀರಲ್ಲ, ಎಲ್ಲಾ ಖರ್ಚಾಗುತ್ತಾ?” ಎಂದರು ನಿವೃತ್ತ ಮೇಷ್ಟ್ರು. ಅವರ ಮನೆಯಿಂದ ನೀರು ಕಾಯಿಸುವ ಹೀಟರಿನ ಗುಂಯ್ ಸದ್ದು ಬರುತ್ತಿತ್ತು. ಅಷ್ಟರಲ್ಲಿ ಅವರ ಭಾವಮೈದುನ, ಬೀದಿಯ ಎದುರು ಬದಿಯ ಐಸ್‌ಕ್ರೀಂ ಅಂಗಡಿಯವನು, ಫ್ರೀಜರನ್ನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ.

ಸಂಶೋಧಕ ಕಾವಿಗೆ ಕೂತ ಕೋಳಿಯಂತೆ ಬ್ಯಾಟರಿಗೆ ಅಡ್ಡ ಕೂತ. ಅವನು ಒಂದು ಪ್ಲಗ್ಗು ಕಿತ್ತರೆ ಬೆನ್ನ ಹಿಂದೆ ಎರಡು ಸೇರಿಕೊಳ್ಳುತ್ತಿದ್ದವು. ಬೇಡಿಕೊಂಡ, ಕೈ ಮುಗಿದ. ಕೊನೆಗೆ ಜೀವನದಲ್ಲೇ ಮೊದಲ ಬಾರಿ ಕಿರುಚಿದ. ಜನ ಹಿಂದೆ ಸರಿದರು. “ಓದಿದೋರಿಗೆ ದೊಡ್ಡ ಮನಸ್ಸೇ ಇರಲ್ಲ,” ಎಂದು ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಗೊಣಗಿದರು.

ಅಷ್ಟೊತ್ತಿಗೆ ಎರಡನೇ ಮಹಡಿಯ ಸೊಸೆ ಓಡಿಬಂದಳು. “ಡಾಕ್ಟ್ರೇ, ಅತ್ತೆಯ ಉಸಿರಾಟದ ಮೆಷಿನ್ ಚಾರ್ಜ್ ಮುಗಿದು ನಿಂತೋಗ್ತಿದೆ. ಇವರು ಆಕ್ಸಿಜನ್ ಸಿಲಿಂಡರ್ ತರೋಕೆ ಹೋಗಿದಾರೆ, ಇನ್ನೂ ಬಂದಿಲ್ಲ.”

ಅವನು ಮೀಟರ್ ನೋಡಿದ, ಆಕಾಶ ನೋಡಿದ. ಆ ಮೆಷಿನ್ ಎಷ್ಟು ಎಳೆಯುತ್ತದೆ, ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ವೈರಿನ ಸುರುಳಿ ಎತ್ತಿಕೊಂಡು ತಾನೇ ಮೇಲೆ ಹೋದ. ಮೆಷಿನ್ ಮತ್ತೆ ಬುಸುಗುಟ್ಟಿತು. ಅಜ್ಜಿ ಅವನ ಮಣಿಕಟ್ಟು ಹಿಡಿದುಕೊಂಡರು. ಬಿಡಿಸಿಕೊಳ್ಳುವ ಮನಸ್ಸಾಗದೆ ಅವನು ಮಂಚದ ಅಂಚಿನಲ್ಲೇ ಕೂತ.

ಕೊನೆಗೆ ಅಜ್ಜಿಯ ಮಗ ಸಿಲಿಂಡರ್ ಹೊತ್ತು ಏದುಸಿರು ಬಿಡುತ್ತಾ ಬಂದ. ಅಜ್ಜಿಯ ಮೂಗಿಗೆ ಹೊಸ ಕೊಳವೆ ಕೂರಿಸಿದ ಕೂಡಲೇ ಕಟ್ಟಡದ ದೀಪಗಳೆಲ್ಲಾ ಒಟ್ಟಿಗೆ ಆರಿ, ಫ್ಯಾನುಗಳು ನಿಂತವು. ಬ್ಯಾಟರಿ ಬರಿದಾಗಿತ್ತು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಅವನು ಕೆಳಗಿಳಿಯುವಷ್ಟರಲ್ಲಿ ಬೀದಿಗೆ ಕರೆಂಟು ಬಂತು. ಎಲ್ಲರೂ ಹೋ ಎಂದು ಕೂಗಿ ತಂತಮ್ಮ ಬಾಗಿಲು ಹಾಕಿಕೊಂಡರು.

ಫೋನು ಬಡಿದುಕೊಂಡಿತು. ವಿಶ್ವವಿದ್ಯಾಲಯದಲ್ಲಿ ಕೂತೇ ಬ್ಯಾಟರಿಯ ಏರಿಳಿತ ನೋಡುತ್ತಿದ್ದ ಅವನ ಪ್ರೊಫೆಸರು.

“ಎಲ್ಲಾ ನೋಡ್ದೆ ಕಣಯ್ಯ.”

“ಕ್ಷಮಿಸಿ ಸರ್...”

“ಕ್ಷಮೆ ಯಾಕೋ? ಅದ್ಭುತ! ಇಷ್ಟು ದಿನ ನಿನ್ನ ಅಂಕಿಅಂಶದಲ್ಲಿ ಬಿಸಿಲಿತ್ತು, ಬ್ಯಾಟರಿ ಇತ್ತು, ಮನುಷ್ಯರೇ ಇರಲಿಲ್ಲ. ಇವತ್ತು ಬಂದ್ರು ನೋಡು! ಇಂಥದ್ದನ್ನ ಯಾರೂ ದಾಖಲಿಸಿಲ್ಲ.”

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. “ಹಾಗಾದ್ರೆ... ಮುಗೀತಾ ಸರ್?”

“ಮುಗಿಯೋದಾ? ಈಗ ತಾನೇ ಶುರು! ಆ ಹಳೇ ವರ್ಷ ಬಿಸಾಕು. ಹೊಸದಾಗಿ ಇನ್ನೆರಡು ವರ್ಷ. ಅದೇ ಕಟ್ಟಡ, ಅದೇ ಜನ. ಒಂದೇ ಷರತ್ತು, ಯಾರನ್ನೂ ತಡೀಬಾರದು.”

ಅವನು ಬ್ಯಾಟರಿಯ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಂಡತಿ ಮೇಲಿನಿಂದ ಬಗ್ಗಿ ಕೇಳಿದಳು, “ಏನಂದ್ರು?”

“ತುಂಬಾ ಹೊಗಳಿದ್ರು,” ಎಂದ. ಎದ್ದೇಳಲಿಲ್ಲ.